ಟೋಪಿ ಕಂಪನಿಯ ಮಹಡಿಯಲ್ಲಿ ಹಾಡಿದವರು: ಬ್ರಿಸ್ಟಲ್ ಧ್ವನಿಮುದ್ರಣಗಳ ಸಿ.ಡಿ. ಪೆಟ್ಟಿಗೆ

ಹಳೆಯ ಗ್ರಾಮಫೋನ್ ತಟ್ಟೆಗಳಲ್ಲಿ ಉಳಿದಿರುವ ಸಂಗೀತವನ್ನು ಹುಡುಕಿ, ಒಪ್ಪಮಾಡಿ ಮತ್ತೆ ಪ್ರಕಟಿಸುವುದರಲ್ಲಿ ಹೆಸರಾದ ಜರ್ಮನಿಯ ಬೇರ್ ಫ್ಯಾಮಿಲಿ ರೆಕಾರ್ಡ್ಸ್ ಸಂಸ್ಥೆಯು 2011ರಲ್ಲಿ ‘ದಿ ಬ್ರಿಸ್ಟಲ್ ಸೆಷನ್ಸ್, 1927–1928: ದಿ ಬಿಗ್ ಬ್ಯಾಂಗ್ ಆಫ್ ಕಂಟ್ರಿ ಮ್ಯೂಸಿಕ್’ ಎಂಬ ಸಂಪುಟವನ್ನು ಹೊರತಂದಿತು. ಐದು ಸಿ.ಡಿ.ಗಳು, ಅವುಗಳಲ್ಲಿ 124 ಧ್ವನಿಮುದ್ರಣಗಳು, ಜೊತೆಗೆ ಗಟ್ಟಿರಟ್ಟಿನ 120 ಪುಟಗಳ ಪುಸ್ತಕ, ಇವೆಲ್ಲವನ್ನೂ ಹಳೆಯ ಎಲ್‌ಪಿ ತಟ್ಟೆಯ ಅಗಲದ ಪೆಟ್ಟಿಗೆಯೊಂದರಲ್ಲಿ ಇರಿಸಲಾಗಿದೆ, ಹೀಗಾಗಿ ಸಿ.ಡಿ.ಗಳಿಗೆಂದು ಮಾಡಿಸಿದ ಕಪಾಟಿನಲ್ಲಿ ಇದು ಹಿಡಿಸುವುದಿಲ್ಲ, ಪುಸ್ತಕಗಳ ನಡುವೆಯೇ ಜಾಗ ಮಾಡಿಕೊಡಬೇಕು. ಅಮೆರಿಕದ ಹಳ್ಳಿಗಾಡಿನ ಹಾಡುಗಳಿಂದ ಬೆಳೆದ ಕಂಟ್ರಿ ಸಂಗೀತದ ಆರಂಭದ ದಿನಗಳಲ್ಲಿ ಆಸಕ್ತಿಯಿರುವವರು ಇದನ್ನು ಕೊಳ್ಳಬಹುದೇ ಎಂದು ಕೇಳಿದರೆ ಕೊಳ್ಳಬಹುದು ಎಂದೇ ನನ್ನ ಉತ್ತರ. ಆದರೆ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಕಾರಣಕ್ಕಾಗಿ ಅಲ್ಲ. ಹೊರಗಿನ ಹೆಸರು ‘ಮಹಾಸ್ಫೋಟ’ದ (ಬಿಗ್ ಬ್ಯಾಂಗ್), ಅಂದರೆ ಈ ಸಂಗೀತ ಬ್ರಿಸ್ಟಲ್‌ನಲ್ಲಿ ಒಮ್ಮೆಲೇ ಹುಟ್ಟಿತೆಂಬ ಕತೆ ಹೇಳುತ್ತದೆ, ಒಳಗಿನ ಹಾಡುಗಳನ್ನು ಒಂದೊಂದಾಗಿ ಕೇಳುತ್ತ ಹೋದರೆ ಆ ಕತೆ ನಿಲ್ಲುವುದಿಲ್ಲ. ಈ ಸಂಪುಟದ ನಿಜವಾದ ಬೆಲೆ ಇರುವುದು ಅಲ್ಲಿಯೇ.

ಹಿನ್ನೆಲೆಯನ್ನು ತಿಳಿಯದವರಿಗಾಗಿ ನಾಲ್ಕು ಮಾತು ಹೇಳಬೇಕು. ವಿಕ್ಟರ್ ಎಂಬ ಗ್ರಾಮಫೋನ್ ತಟ್ಟೆಗಳ ಕಂಪನಿಯ ಪರವಾಗಿ ರಾಲ್ಫ್ ಪೀರ್ ಎಂಬ ಧ್ವನಿಮುದ್ರಣ ನಿರ್ದೇಶಕರು 1927ರ ಜುಲೈ ತಿಂಗಳಲ್ಲಿ ಇಬ್ಬರು ತಂತ್ರಜ್ಞರೊಡನೆ ಅಪಲೇಚಿಯನ್ ಬೆಟ್ಟಸಾಲಿನ ನಡುವಿನ ಬ್ರಿಸ್ಟಲ್ ಪಟ್ಟಣಕ್ಕೆ ಬಂದಿಳಿದರು. ಟೆನೆಸಿ ಮತ್ತು ವರ್ಜೀನಿಯ ರಾಜ್ಯಗಳ ಗಡಿ ಈ ಪಟ್ಟಣದ ಮುಖ್ಯ ಬೀದಿಯಾದ ಸ್ಟೇಟ್ ಸ್ಟ್ರೀಟಿನ ಮಧ್ಯದಲ್ಲೇ ಹಾದುಹೋಗುತ್ತದೆ. ಬೀದಿಯ ಒಂದು ಬದಿಯ ಅಂಗಡಿ ಒಂದು ರಾಜ್ಯದಲ್ಲಿದ್ದರೆ ಎದುರು ಬದಿಯ ಅಂಗಡಿ ಇನ್ನೊಂದು ರಾಜ್ಯದಲ್ಲಿರುತ್ತದೆ. ಟೆನೆಸಿಯ ಬದಿಯಲ್ಲಿ ಟೇಲರ್-ಕ್ರಿಶ್ಚಿಯನ್ ಎಂಬ ಟೋಪಿ ಕಂಪನಿಗೆ ಸೇರಿದ್ದ ಕಟ್ಟಡದ ಮಹಡಿಯನ್ನು ಪೀರ್ ಬಾಡಿಗೆಗೆ ಹಿಡಿದು, ಜುಲೈ 25ರಿಂದ ಆಗಸ್ಟ್ 5ರವರೆಗೆ ಅಲ್ಲಿ 19 ತಂಡಗಳಿಂದ 76 ಹಾಡುಗಳನ್ನು ಮುದ್ರಿಸಿಕೊಂಡರು. ಆ ತಂಡಗಳ ಪೈಕಿ ಎರಡು ಮುಂದೆ ಕಂಟ್ರಿ ಸಂಗೀತದ ಇತಿಹಾಸದಲ್ಲಿ ಬಹಳ ದೊಡ್ಡ ಹೆಸರುಗಳಾದವು: ಒಂದು ಕಾರ್ಟರ್ ಕುಟುಂಬ, ಇನ್ನೊಂದು ಒಬ್ಬಂಟಿಯಾಗಿ ಹಾಡಿದ ಜಿಮ್ಮಿ ರಾಡ್ಜರ್ಸ್. ಅಮೆರಿಕದ ಸಂಸತ್ತು 1998ರಲ್ಲಿ ಬ್ರಿಸ್ಟಲ್ ಅನ್ನು ಕಂಟ್ರಿ ಸಂಗೀತದ ಜನ್ಮಸ್ಥಳವೆಂದು ಗುರುತಿಸಿತು. 2014ರಲ್ಲಿ ಅಲ್ಲಿ ಈ ವಿಷಯಕ್ಕೇ ಮೀಸಲಾದ ವಸ್ತುಸಂಗ್ರಹಾಲಯವೂ ತೆರೆಯಿತು. ಪೀರ್ ಮರುವರ್ಷ, 1928ರ ಶರತ್ಕಾಲದಲ್ಲಿ, ಮತ್ತೆ ಅಲ್ಲಿಗೆ ಬಂದು ಇನ್ನೊಂದು ಸುತ್ತು ಮುದ್ರಣ ಮಾಡಿದರು. ಈ ಎರಡೂ ಸುತ್ತುಗಳನ್ನು ಇಡಿಯಾಗಿ ಒಂದೆಡೆ ತಂದಿರುವುದು ಈ ಪೆಟ್ಟಿಗೆಯ ಹೆಗ್ಗಳಿಕೆ.

ಧ್ವನಿಮುದ್ರಣದ ಬಗೆಯನ್ನು ಅರಿತು ಕೇಳಿದರೆ ಈ ಹಾಡುಗಳ ರುಚಿಯೇ ಬೇರೆಯಾಗುತ್ತದೆ. ಅದಕ್ಕೆ ಎರಡು ವರ್ಷ ಹಿಂದಿನವರೆಗೂ ಹಾಡುಗಾರರು ದೊಡ್ಡ ಕಹಳೆಯೊಂದರ ಬಾಯಿಗೆ ಮುಖವೊಡ್ಡಿ ಜೋರಾಗಿ ಹಾಡಬೇಕಾಗಿತ್ತು. 1925ರಲ್ಲಿ ಮೈಕ್ರೊಫೋನ್ ಬಳಕೆಗೆ ಬಂದುದರಿಂದ ಮೆಲ್ಲನೆಯ ದನಿಗಳಿಗೂ, ಗಿಟಾರಿನಂಥ ಸೌಮ್ಯ ವಾದ್ಯಗಳಿಗೂ ತಟ್ಟೆಯ ಮೇಲೆ ಸ್ಥಾನ ದೊರೆಯಿತು. ಆದರೆ ಮೇಣದ ತಟ್ಟೆಯನ್ನು ತಿರುಗಿಸುತ್ತಿದ್ದುದು ವಿದ್ಯುತ್ ಮೋಟಾರಲ್ಲ, ಗೋಡೆ ಗಡಿಯಾರದಲ್ಲಿರುವಂತೆ ನಿಧಾನವಾಗಿ ಕೆಳಗಿಳಿಯುವ ಭಾರದ ಗುಂಡು. ವೇಗ ಒಂದೇ ಸಮನಾಗಿರಬೇಕಾದರೆ ಆಗ ಅದೇ ನಂಬಿಕೆಯ ಉಪಾಯವಾಗಿತ್ತು. ತಟ್ಟೆಯ ಒಂದು ಮುಖದಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಸಂಗೀತ ಮಾತ್ರ. ಊರಿನ ಜಗಲಿಯ ಮೇಲೆ ಹತ್ತು ಹದಿನೈದು ನುಡಿಗಳವರೆಗೆ ಬೆಳೆಯುತ್ತಿದ್ದ ಕಥನಗೀತೆಗಳು ಬ್ರಿಸ್ಟಲ್‌ನಲ್ಲಿ ಅವಸರವಾಗಿ ಮುಗಿಯುವುದಕ್ಕೆ ಇದೇ ಕಾರಣ. ಮಾರುಕಟ್ಟೆಗೆ ಬರುತ್ತಿದ್ದ 78 ಸುತ್ತಿನ ತಟ್ಟೆಗಳನ್ನು ಅರಗಿನ ಮಿಶ್ರಣದಿಂದ ಒತ್ತುತ್ತಿದ್ದರು. ಜಗತ್ತಿಗೆ ಅರಗನ್ನು ಒದಗಿಸುತ್ತಿದ್ದ ಮುಖ್ಯ ದೇಶ ಭಾರತವೇ ಆಗಿದ್ದುದರಿಂದ, ಅಪಲೇಚಿಯದ ಬೆಟ್ಟದ ಹಾಡುಗಳಿಗೆ ಹಾಸುಗಲ್ಲಾದದ್ದು ನಮ್ಮ ಕಾಡುಗಳ ಅರಗು ಎಂದರೆ ತಪ್ಪಾಗದು.

ಈಗ ‘ಮಹಾಸ್ಫೋಟ’ದ ಮಾತಿಗೆ ಬರೋಣ. ಬ್ರಿಸ್ಟಲ್‌ಗೆ ಐದು ವರ್ಷ ಮೊದಲೇ, 1922ರಲ್ಲಿ, ಟೆಕ್ಸಸ್‌ನ ಎಕ್ ರಾಬರ್ಟ್‌ಸನ್ ನ್ಯೂಯಾರ್ಕಿಗೆ ಹೋಗಿ ಇದೇ ವಿಕ್ಟರ್ ಕಂಪನಿಗೆ ಪಿಟೀಲು ನುಡಿಸಿದ್ದರು. 1923ರ ಜೂನ್‌ನಲ್ಲಿ ಅಟ್ಲಾಂಟಾದಲ್ಲಿ ಫಿಡ್ಲಿನ್ ಜಾನ್ ಕಾರ್ಸನ್ ಅವರನ್ನು ಓಕೆ ಕಂಪನಿಗಾಗಿ ಮುದ್ರಿಸಿದವರು ಬೇರೆ ಯಾರೂ ಅಲ್ಲ, ಈ ರಾಲ್ಫ್ ಪೀರ್ ಅವರೇ; ಆ ಹಾಡುಗಾರಿಕೆ ಅವರಿಗೆ ಕಿಂಚಿತ್ತೂ ಹಿಡಿಸದಿದ್ದರೂ, ಸ್ಥಳೀಯ ವ್ಯಾಪಾರಿಯ ಒತ್ತಾಯಕ್ಕೆ ಮಣಿದು ಒತ್ತಿಸಿದ 500 ತಟ್ಟೆಗಳು ಬೇಗನೆ ಖರ್ಚಾಗಿ ಕಂಪನಿಯ ಕಣ್ಣು ತೆರೆಸಿದವು. 1924ರಲ್ಲಿ ವರ್ನನ್ ಡಾಲ್‌ಹಾರ್ಟ್ ಎಂಬ ನಾಟಕಗೀತೆಗಳ ಗಾಯಕರು ರೈಲು ಅಪಘಾತವೊಂದರ ಹಾಡನ್ನೂ ಕೈದಿಯೊಬ್ಬನ ಹಾಡನ್ನೂ ಒಂದೇ ತಟ್ಟೆಯ ಎರಡು ಮುಖಗಳಲ್ಲಿ ಹಾಡಿ ಹತ್ತು ಲಕ್ಷಕ್ಕೂ ಮಿಕ್ಕಿ ಮಾರಾಟವಾಗುವಂತೆ ಮಾಡಿದ್ದರು. ಹೀಗಿರುವಾಗ ಬ್ರಿಸ್ಟಲ್ ಹುಟ್ಟಿನ ಕ್ಷಣವಲ್ಲ. ಆಗಲೇ ಹುಟ್ಟಿ ನಾಲ್ಕೈದು ವರ್ಷವಾಗಿದ್ದ ವ್ಯಾಪಾರವೊಂದು ತನ್ನ ಕಚ್ಚಾವಸ್ತು ಎಲ್ಲಿ ಸಿಗುತ್ತದೆಯೋ ಅಲ್ಲಿಗೇ ಯಂತ್ರವನ್ನು ಹೊತ್ತುಕೊಂಡು ಹೋದ ಸಂದರ್ಭ. ಸಂಪುಟದ ಲೇಖಕರಿಗೆ ಇದು ತಿಳಿಯದ ವಿಷಯವಲ್ಲ, ಪುಸ್ತಕದ ಪ್ರಬಂಧಗಳು ಈ ಎಚ್ಚರದಿಂದಲೇ ಬರೆದವು. ಮಾರಾಟದ ದೃಷ್ಟಿಯಿಂದ ಶೀರ್ಷಿಕೆ ಹಾಗೆ ಇರಬೇಕಾಯಿತೇನೋ.

ಹಾಡುಗಳನ್ನು ಮುದ್ರಣದ ದಿನಾಂಕಗಳ ಪ್ರಕಾರ ಕೇಳುತ್ತ ಹೋಗುವುದು ಒಳ್ಳೆಯದು. ಮೊದಲ ದಿನ, ಜುಲೈ 25ರಂದು, ಮೈಕ್ರೊಫೋನಿನ ಮುಂದೆ ನಿಂತವರು ಅರ್ನೆಸ್ಟ್ ಸ್ಟೋನ್‌ಮನ್ ಮತ್ತು ಅವರ ಸಂಗಡಿಗರು. ವರ್ಜೀನಿಯದ ಗೇಲಕ್ಸ್ ಸೀಮೆಯ ಬಡಗಿಯಾಗಿದ್ದ ಸ್ಟೋನ್‌ಮನ್ 1924ರಿಂದಲೇ ಧ್ವನಿಮುದ್ರಣದಲ್ಲಿ ಪಳಗಿದವರು. ಟೈಟಾನಿಕ್ ಹಡಗು ಮುಳುಗಿದ ಹಾಡು ಅವರಿಗೆ ಆಗಲೇ ಹೆಸರು ತಂದಿತ್ತು. ಗಿಟಾರ್, ಬಾಂಜೊ, ಪಿಟೀಲುಗಳ ನಡುವೆ ಅವರ ದನಿ ಯಾವ ಅಲಂಕಾರವೂ ಇಲ್ಲದೆ, ಸುದ್ದಿ ಓದಿ ಹೇಳುವವರಂತೆ ನೇರವಾಗಿ ಸಾಗುತ್ತದೆ. ಈ ದಿನಗಳ ಮಟ್ಟಿಗೆ ಅವರು ಇನ್ನೊಂದು ಕೆಲಸವನ್ನೂ ಮಾಡಿದರು. ಸ್ಟೋನ್‌ಮನ್ ಹಿಂದಿನ ವರ್ಷ ತಟ್ಟೆಗಳಿಂದ 3,600 ಡಾಲರ್ ಗಳಿಸಿದ್ದಾರೆಂಬ ಸುದ್ದಿಯನ್ನು ಸ್ಥಳೀಯ ಪತ್ರಿಕೆ ಮೊದಲ ವಾರದಲ್ಲೇ ಪ್ರಕಟಿಸಿತು. ಅದುವರೆಗೆ ಕೇಳಿದರೂ ಕೇಳದಂತಿದ್ದ ಬೆಟ್ಟದ ಹಾಡುಗಾರರು ಅಂದಿನಿಂದ ಬಸ್ಸು, ರೈಲು, ಕುದುರೆಗಾಡಿ ಹೀಗೆ ಸಿಕ್ಕಿದ ವಾಹನ ಹಿಡಿದು ಬ್ರಿಸ್ಟಲ್‌ಗೆ ಬರತೊಡಗಿದರು. ಕಲೆಯ ಚರಿತ್ರೆಯಲ್ಲಿ ದುಡ್ಡಿನ ಸುದ್ದಿಯೊಂದು ಇಷ್ಟು ನೇರವಾಗಿ ಕೆಲಸ ಮಾಡಿದ ಉದಾಹರಣೆ ಅಪರೂಪ. ಜಿಮ್ಮಿ ರಾಡ್ಜರ್ಸ್ ಅವರಿಗೆ ಕಂಟ್ರಿ ಸಂಗೀತದ ಹಾಲ್ ಆಫ್ ಫೇಮ್ ಮನ್ನಣೆ 1961ರಲ್ಲೇ ಸಿಕ್ಕಿತು, ಕಾರ್ಟರ್ ಕುಟುಂಬಕ್ಕೆ 1970ರಲ್ಲಿ. ಪೀರ್ ಅವರಿಗೆ ಈ ಸೀಮೆಯ ದಾರಿ ತೋರಿದ ಸ್ಟೋನ್‌ಮನ್ ಅವರಿಗೆ ಅದು ಸಿಕ್ಕಿದ್ದು 2008ರಲ್ಲಿ, ಅವರು ತೀರಿಕೊಂಡು ನಲವತ್ತು ವರ್ಷಗಳಾದ ಮೇಲೆ. ಸಂಪುಟದಲ್ಲಿ ಅವರ ಹಾಡುಗಳಿಗೆ ಸಿಕ್ಕಿರುವ ಜಾಗವನ್ನು ನೋಡಿದರೆ ಈ ಅನ್ಯಾಯ ಸ್ವಲ್ಪಮಟ್ಟಿಗೆ ಸರಿಹೋದಂತೆ ತೋರುತ್ತದೆ.

ಕಂಟ್ರಿ ಸಂಗೀತವೆಂದರೆ ಪ್ರೇಮಭಂಗ, ಕುಡಿತ, ರೈಲು, ಜೈಲು ಎಂದುಕೊಂಡು ಈ ಪೆಟ್ಟಿಗೆ ತೆರೆಯುವವರಿಗೆ ಮೊದಲು ಎದುರಾಗುವ ಅಚ್ಚರಿಯೆಂದರೆ ಇಲ್ಲಿ ದೊಡ್ಡ ಪಾಲು ಭಕ್ತಿಗೀತೆಗಳದು. ಜುಲೈ 26ರಂದು ಕೆಂಟಕಿಯ ಅರ್ನೆಸ್ಟ್ ಫಿಪ್ಸ್ ಅವರ ತಂಡ ಆರು ಹಾಡುಗಳನ್ನು ಹಾಡಿತು. ಇವರು ಹೋಲಿನೆಸ್ ಪಂಥದವರು. ಪ್ರಾರ್ಥನಾ ಸಭೆಯಲ್ಲಿ ಮೈದುಂಬಿ, ಚಪ್ಪಾಳೆ ತಟ್ಟಿ, ಎದ್ದು ಕುಣಿದು ಹಾಡುವ ಸಂಪ್ರದಾಯದವರು. ಗಂಭೀರ ಮುಖದ ಚರ್ಚ್ ಗೀತೆಗಳನ್ನು ನಿರೀಕ್ಷಿಸಿದ ಕಿವಿಗೆ ಇವರ ಪಿಟೀಲು ಗಿಟಾರುಗಳ ಓಟ ಮದುವೆಮನೆಯ ಕುಣಿತದ ಸಂಗೀತದಂತೆ ಕೇಳಿಸಿದರೆ ಅದು ಕೇಳುವವರ ತಪ್ಪಲ್ಲ. ಅದೇ ಸೀಮೆಯಿಂದ ಬಂದ ಆಲ್ಫ್ರೆಡ್ ಕಾರ್ನ್ಸ್ ಎಂಬ ಪಾದ್ರಿ ಒಬ್ಬರೇ ಕುಳಿತು, ಒಂದು ದೊಡ್ಡ ತಂತಿವಾದ್ಯದ ಮಂದ್ರ ತಂತಿಗಳನ್ನು ಬಿಟ್ಟುಬಿಟ್ಟು ಮೀಟುತ್ತ, ತುಂಬುಕಂಠದಲ್ಲಿ ಹಾಡುತ್ತಾರೆ; ಇಡೀ ಸಂಪುಟದಲ್ಲಿ ಇಷ್ಟು ತರಬೇತಾದ, ಇಷ್ಟು ಆತ್ಮವಿಶ್ವಾಸದ ಕಂಠ ಮತ್ತೊಂದಿಲ್ಲ. ಕೊನೆಯ ದಿನ, ಆಗಸ್ಟ್ 5ರಂದು, ಟೆನೆಸಿ ಮೌಂಟನೀಯರ್ಸ್ ಎಂಬ ಸುಮಾರು ಇಪ್ಪತ್ತು ಜನರ ಚರ್ಚ್ ಗಾಯಕವೃಂದ ಒಂದೇ ಮೈಕ್ರೊಫೋನಿನ ಮುಂದೆ ನಿಂತು ಎರಡು ಸ್ತೋತ್ರಗಳನ್ನು ಹಾಡಿತು. ಈ ಕೊನೆಯ ಎರಡು ಹಾಡುಗಳಲ್ಲಿ ಕಲಾವಿದರೆನಿಸಿಕೊಳ್ಳುವವರು ಯಾರೂ ಇಲ್ಲ. ಊರವರು ಹಾಡಿದರು, ಯಂತ್ರ ಕೇಳಿಸಿಕೊಂಡಿತು, ಅಷ್ಟೆ.

ಆಲ್ಫ್ರೆಡ್ ರೀಡ್ ಅವರ ನಾಲ್ಕು ಹಾಡುಗಳಿಗೆ ಬೇರೆಯೇ ತೂಕವಿದೆ. ಹುಟ್ಟುಕುರುಡರಾಗಿದ್ದ, ಪಿಟೀಲು ನುಡಿಸಿಕೊಂಡು ಹಾಡುತ್ತಿದ್ದ ಇವರು ಪಶ್ಚಿಮ ವರ್ಜೀನಿಯದಿಂದ ಬಂದವರು. ಅದೇ ವರ್ಷ ಮೇ 24ರಂದು ವರ್ಜಿನಿಯನ್ ರೈಲ್ವೆಯಲ್ಲಿ ನಡೆದ ಅಪಘಾತದ ಮೇಲೆ ಇವರು ಕಟ್ಟಿದ ಹಾಡು ಜುಲೈ 28ಕ್ಕೆ ಮೇಣದ ಮೇಲೆ ಮೂಡಿತು. ಎಂದರೆ ಘಟನೆಗೂ ತಟ್ಟೆಗೂ ನಡುವೆ ಬರೀ ಎರಡು ತಿಂಗಳ ಅಂತರ. ಪತ್ರಿಕೆ ತಲುಪದ ಮನೆಗಳಿಗೆ ಹಾಡೇ ಪತ್ರಿಕೆಯಾಗಿದ್ದ ಕಾಲ ಅದು. ಊರು, ದಿನ, ಎಂಜಿನ್ನು, ಸತ್ತವರು ಎಲ್ಲವನ್ನೂ ಕ್ರಮವಾಗಿ ಒಪ್ಪಿಸಿ, ಕಡೆಗೆ ದೇವರ ನೆನಪಿಗೆ ತಂದು ನಿಲ್ಲಿಸುವ ಅದರ ಕಟ್ಟಡದಲ್ಲಿ ಕಣ್ಣೀರು ತರಿಸುವ ಯಾವ ಯತ್ನವೂ ಇಲ್ಲ. ಆದ್ದರಿಂದಲೇ ಅದು ತಟ್ಟುತ್ತದೆ. ಬಿ.ಎಫ್. ಶೆಲ್ಟನ್ ಎಂಬ ಕೆಂಟಕಿಯ ಕ್ಷೌರಿಕರು ಮರುದಿನ ಬಾಂಜೊ ಒಂದನ್ನೇ ಜೊತೆಗಿಟ್ಟುಕೊಂಡು ಹಾಡಿದ ನಾಲ್ಕು ಹಾಡುಗಳು ಇನ್ನೂ ಒಂಟಿ. ಅವುಗಳಲ್ಲಿ ಪ್ರಿಯತಮೆಯನ್ನು ಕೊಂದು ಹೂಳುವವನ ಕತೆಯ ‘ಪ್ರೆಟಿ ಪಾಲಿ’ಯನ್ನು ಕೇಳಿ ನೋಡಬೇಕು: ಬಾಂಜೊ ಒಂದೇ ಸುತ್ತನ್ನು ಮತ್ತೆ ಮತ್ತೆ ಸುತ್ತುತ್ತದೆ, ದನಿ ಒಮ್ಮೆಯೂ ಏರುವುದಿಲ್ಲ, ಗೋರಿ ತೋಡುವ ಮಾತನ್ನೂ ಕುದುರೆ ಏರುವ ಮಾತನ್ನೂ ಒಂದೇ ಧಾಟಿಯಲ್ಲಿ ಹೇಳಿ ಮುಗಿಸುತ್ತದೆ. ಭಾವವನ್ನು ಹಾಡುಗಾರ ತೋರಿಸದೆ ಹೋದಾಗ ಅದನ್ನು ಹೊರಬೇಕಾದ ಹೊಣೆ ಕೇಳುವವರ ಮೇಲೆ ಬೀಳುತ್ತದೆ ಎಂಬುದಕ್ಕೆ ಈ ಹಾಡಿಗಿಂತ ಒಳ್ಳೆಯ ಪುರಾವೆ ನನಗೆ ತಿಳಿದಿಲ್ಲ.

1927ರ ಸುತ್ತಿನಲ್ಲಿ ಪಾಲ್ಗೊಂಡ ಕಪ್ಪು ಕಲಾವಿದರು ಒಬ್ಬರೇ: ಮೌತ್ ಆರ್ಗನ್ ನುಡಿಸುತ್ತಿದ್ದ ಎಲ್ ವಾಟ್ಸನ್. ಅವರ ಎರಡು ನುಡಿಸಾಣಿಕೆಗಳಿಗೆ ಗಿಟಾರಿನ ಜೊತೆ ಕೊಟ್ಟವರು ಜಾನ್ಸನ್ ಬ್ರದರ್ಸ್ ಎಂಬ ಬಿಳಿಯರ ತಂಡದ ಚಾರ್ಲ್ಸ್ ಜಾನ್ಸನ್. ಆ ಕಾಲದ ಕಂಪನಿಗಳು ಬಿಳಿಯರ ಬೆಟ್ಟದ ಸಂಗೀತಕ್ಕೊಂದು, ಕಪ್ಪು ಜನರ ಸಂಗೀತಕ್ಕೊಂದು ಎಂದು ಎರಡು ಬೇರೆ ಬೇರೆ ಪಟ್ಟಿಗಳನ್ನು ಇಟ್ಟುಕೊಂಡು, ಬೇರೆ ಬೇರೆ ಗಿರಾಕಿಗಳಿಗೆ ಮಾರುತ್ತಿದ್ದವು. ಊರಿನ ಸಂಗೀತಗಾರರ ನಡುವೆ ಅಷ್ಟು ಗಟ್ಟಿಯಾದ ಗೋಡೆ ಇರಲಿಲ್ಲವೆಂಬುದು ಈ ಎರಡು ಮುದ್ರಣಗಳಿಂದ ತಿಳಿಯುತ್ತದೆ. ಕಾರ್ಟರ್ ಕುಟುಂಬದ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ: ಮುಂದಿನ ವರ್ಷಗಳಲ್ಲಿ ಎ.ಪಿ. ಕಾರ್ಟರ್ ಹಾಡು ಹುಡುಕಿಕೊಂಡು ಊರೂರು ತಿರುಗಿದಾಗ ಅವರ ಜೊತೆಗಿದ್ದು, ಕೇಳಿದ ರಾಗವನ್ನು ನೆನಪಿಟ್ಟುಕೊಂಡು ಮನೆಗೆ ತಂದುಕೊಟ್ಟವರು ಲೆಸ್ಲಿ ರಿಡಲ್ ಎಂಬ ಕಪ್ಪು ಗಿಟಾರ್ ವಾದಕರು. ಆದರೆ ತಟ್ಟೆಗಳ ಮೇಲೆ ಅವರ ಹೆಸರು ಬರಲಿಲ್ಲ.

ಕಾರ್ಟರ್ ಕುಟುಂಬದವರು ಆಗಸ್ಟ್ 1ರಂದು ಬಂದರು. ವರ್ಜೀನಿಯದ ಮೇಸಸ್ ಸ್ಪ್ರಿಂಗ್ ಎಂಬ ಹಳ್ಳಿಯಿಂದ ಬ್ರಿಸ್ಟಲ್‌ಗೆ ಇಪ್ಪತ್ತೈದು ಮೈಲಿ ಆಸುಪಾಸಿನ ದಾರಿ. ತಮ್ಮನಿಂದ ಎರವಲು ಪಡೆದ ಕಾರು, ಬೇಸಗೆಯ ಬಿಸಿಲು, ಮತ್ತೆ ಮತ್ತೆ ಪಂಕ್ಚರಾದ ಚಕ್ರ. ಮೂವತ್ತೈದರ ಎ.ಪಿ., ಅವರ ಹೆಂಡತಿ ಸಾರಾ, ಸಾರಾರ ಸೋದರಸಂಬಂಧಿಯೂ ಎ.ಪಿ.ಯವರ ತಮ್ಮನ ಹೆಂಡತಿಯೂ ಆದ ಹದಿನೆಂಟರ ಮೇಬೆಲ್, ಹೀಗೆ ಮೂವರ ತಂಡ. ಮೇಬೆಲ್ ಆಗ ತುಂಬು ಗರ್ಭಿಣಿ. ಸಾರಾರ ಮಡಿಲ ಕೂಸನ್ನು ನೋಡಿಕೊಳ್ಳಲು ಹಿರಿಯ ಮಗಳನ್ನೂ ಕರೆತಂದಿದ್ದರು. ಅಂದು ನಾಲ್ಕು ಹಾಡುಗಳಾದವು. ಮರುದಿನ ಬೆಳಗ್ಗೆ ಎ.ಪಿ. ಕಾರಿನ ಚಕ್ರ ಸರಿಮಾಡಿಸಲು ಹೋದದ್ದರಿಂದ ಹೆಂಗಸರಿಬ್ಬರೇ ಉಳಿದ ಎರಡು ಹಾಡುಗಳನ್ನು ಮುಗಿಸಿದರು. ಆ ಎರಡರಲ್ಲಿ ಒಂದು ‘ಸಿಂಗಲ್ ಗರ್ಲ್, ಮ್ಯಾರೀಡ್ ಗರ್ಲ್’.

ಈ ಒಂದು ಹಾಡನ್ನು ಸಮೀಪದಿಂದ ಕೇಳುವುದು ಲೇಸು. ಸಾರಾ ಆಟೋಹಾರ್ಪ್ ಎಂಬ, ಗುಂಡಿ ಒತ್ತಿ ಮೀಟುವ ತಂತಿವಾದ್ಯ ಹಿಡಿದು ಒಬ್ಬರೇ ಹಾಡುತ್ತಾರೆ, ಮೇಬೆಲ್ ಗಿಟಾರ್ ನುಡಿಸುತ್ತಾರೆ. ಸಾಹಿತ್ಯದಲ್ಲಿರುವುದು ಹೋಲಿಕೆ ಮಾತ್ರ: ಮದುವೆಯಾಗದವಳು ಅಂದವಾಗಿ ಉಟ್ಟುಕೊಳ್ಳುತ್ತಾಳೆ, ಆದವಳು ಸಿಕ್ಕಿದ್ದನ್ನು ಸುತ್ತಿಕೊಳ್ಳುತ್ತಾಳೆ, ಆಗದವಳು ಅಂಗಡಿಗೆ ಹೋಗಿ ಕೊಳ್ಳುತ್ತಾಳೆ, ಆದವಳು ತೊಟ್ಟಿಲು ತೂಗುತ್ತ ಅಳುತ್ತಾಳೆ. ಸಾಲಿನ ಕೊನೆಯ ಪದಗಳನ್ನು ಸಾರಾ ಎಳೆಯುವುದಿಲ್ಲ. ಕತ್ತರಿಸಿದಂತೆ ನಿಲ್ಲಿಸಿ ಮುಂದಕ್ಕೆ ಹೋಗುತ್ತಾರೆ. ದನಿ ತಗ್ಗಿನದು, ತುಸು ಒರಟು, ನಾಚಿಕೆಯಿಲ್ಲದ್ದು. ಅವರಿಗೆ ಈ ಹಾಡು ಇಷ್ಟವಿರಲಿಲ್ಲ, ಪೀರ್ ಕೇಳಿದ್ದಕ್ಕೆ ಹಾಡಿದರು ಎನ್ನುತ್ತಾರೆ. ಆ ಮಹಡಿಯಲ್ಲಿ ಹಾಡಿದಾಕೆ ಮೂರು ಮಕ್ಕಳ ತಾಯಿ, ಜೊತೆಗೆ ನುಡಿಸಿದಾಕೆ ಕೆಲವೇ ವಾರಗಳಲ್ಲಿ ಹೆರಲಿದ್ದವರು, ಮನೆಯ ಗಂಡಸು ಹೊರಗೆ ಗ್ಯಾರೇಜಿನಲ್ಲಿ. ಆರು ಹಾಡುಗಳ ಪೈಕಿ ಜನ ಹೆಚ್ಚು ಕೊಂಡದ್ದು ಇದನ್ನೇ.

ಮೇಬೆಲ್ ಅವರ ಗಿಟಾರ್ ಬಗ್ಗೆ ಹೇಳದಿದ್ದರೆ ವಿಮರ್ಶೆ ಅಪೂರ್ಣ. ಹೆಬ್ಬೆರಳಿನಿಂದ ಕೆಳಸ್ಥಾಯಿಯ ತಂತಿಗಳ ಮೇಲೆ ರಾಗವನ್ನು ನುಡಿಸುತ್ತ, ಉಳಿದ ಬೆರಳಿನಿಂದ ಮೇಲಿನ ತಂತಿಗಳನ್ನು ಸವರಿ ತಾಳ ಕೊಡುವ ಅವರ ಕ್ರಮವನ್ನು ಮುಂದೆ ‘ಕಾರ್ಟರ್ ಸ್ಕ್ರ್ಯಾಚ್’ ಎಂದು ಕರೆದರು. ಅದುವರೆಗೆ ಹಾಡಿಗೆ ಆಸರೆಯಾಗಿ ಹಿಂದೆ ನಿಂತಿದ್ದ ಗಿಟಾರ್ ಹಾಡಿನ ಜೊತೆಜೊತೆಗೇ ನಡೆಯುವ ಇನ್ನೊಂದು ದನಿಯಾದದ್ದು ಹೀಗೆ. ಅವರ ಹೆಸರಿನೊಡನೆ ಸದಾ ಕೇಳಿಬರುವ ಗಿಬ್ಸನ್ ಎಲ್-5 ಗಿಟಾರ್ ಕೈಗೆ ಬಂದದ್ದು ಈ ಮುದ್ರಣಗಳ ನಂತರ. ಬ್ರಿಸ್ಟಲ್‌ನಲ್ಲಿ ಕೇಳಿಸುವುದು ಅದಕ್ಕಿಂತ ಸಾಮಾನ್ಯವಾದ ವಾದ್ಯ. ಆದರೂ ಕೈ ಆಗಲೇ ಕುದುರಿತ್ತು. ನಂತರದ ಮುದ್ರಣಗಳ ನಯ ಇಲ್ಲಿ ಇಲ್ಲ, ತಾಳ ಒಂದೆರಡು ಕಡೆ ಮುಂದಕ್ಕೆ ಓಡುತ್ತದೆ. ನನಗಂತೂ ಈ ಓಟವೇ ಹೆಚ್ಚು ಹಿಡಿಸುತ್ತದೆ.

ಜಿಮ್ಮಿ ರಾಡ್ಜರ್ಸ್ ಅವರ ಪಾಲಿಗೆ ಬಂದಾಗ ಮಾತ್ರ ಸಂಪುಟದ ಶೀರ್ಷಿಕೆ ಕೊಡುವ ಆಸೆಗೂ ಒಳಗಿರುವ ಸರಕಿಗೂ ತಾಳೆಯಾಗುವುದಿಲ್ಲ. ಮಿಸಿಸಿಪಿಯ ಮೆರಿಡಿಯನ್‌ನವರಾದ, ರೈಲಿನಲ್ಲಿ ಬ್ರೇಕ್‌ಮನ್ ಆಗಿ ದುಡಿದು ಕ್ಷಯರೋಗದಿಂದ ಆ ಕೆಲಸ ಬಿಡಬೇಕಾಗಿ ಬಂದ ರಾಡ್ಜರ್ಸ್ ಬ್ರಿಸ್ಟಲ್‌ಗೆ ಒಂದು ತಂಡದ ಜೊತೆಯಲ್ಲೇ ಬಂದಿದ್ದರು. ತಟ್ಟೆಯ ಮೇಲೆ ಯಾರ ಹೆಸರು ಹಾಕಿಸಬೇಕೆಂಬ ಜಗಳದಲ್ಲಿ ಮುದ್ರಣದ ಮುನ್ನವೇ ತಂಡ ಒಡೆಯಿತು. ಆಗಸ್ಟ್ 4ರಂದು ಅವರು ಒಬ್ಬರೇ ಎರಡು ಹಾಡು ಹಾಡಿದರು. ಬೇರೆಯಾದ ಸಂಗಡಿಗರು ಟೆನೆವಾ ರ‍್ಯಾಂಬ್ಲರ್ಸ್ ಎಂಬ ಹೆಸರಿನಲ್ಲಿ ಅದೇ ದಿನ ಮೂರು ಹಾಡು ಹಾಡಿದರು. ಎರಡನ್ನೂ ಒಂದರ ಬೆನ್ನಿಗೊಂದು ಕೇಳುವ ಅವಕಾಶ ಪೂರ್ಣ ಸಂಪುಟದಿಂದ ಮಾತ್ರ ಸಾಧ್ಯ. ಪಕ್ಷಪಾತವಿಲ್ಲದೆ ಹೇಳುವುದಾದರೆ ಆ ದಿನದ ಮಟ್ಟಿಗೆ ರ‍್ಯಾಂಬ್ಲರ್ಸ್ ಅವರದೇ ಮೇಲುಗೈ: ಪಿಟೀಲು, ಬಾಂಜೊ, ಗಿಟಾರುಗಳ ಹೊಂದಾಣಿಕೆ ಗಟ್ಟಿಯಾಗಿದೆ, ಹಾಡುಗಾರಿಕೆಯಲ್ಲಿ ಉತ್ಸಾಹವಿದೆ. ರಾಡ್ಜರ್ಸ್ ಆರಿಸಿಕೊಂಡದ್ದು ಯುದ್ಧದಲ್ಲಿ ಮಡಿದ ಸೈನಿಕನ ಪ್ರೇಯಸಿಯ ಶೋಕಗೀತೆಯೊಂದನ್ನು, ಮತ್ತೆ ಹಳೆಯ ಜೋಗುಳವೊಂದನ್ನು. ಜೋಗುಳದ ನಡುವೆ ದನಿಯನ್ನು ಎದೆಯಿಂದ ತಟಕ್ಕನೆ ಮೇಲಕ್ಕೆ ಮುರಿದು ಹಾಡುವ ಯೋಡ್ಲಿಂಗ್ ಕೇಳಿದಾಗ ಮಾತ್ರ ಮುಂದಿನ ಮನುಷ್ಯನ ಸುಳಿವು ಸಿಗುತ್ತದೆ. ಅವರು ಮನೆಮಾತಾದದ್ದು ನವೆಂಬರ್ 30ರಂದು ನ್ಯೂಜರ್ಸಿಯ ಕ್ಯಾಮ್‌ಡೆನ್‌ನಲ್ಲಿ ಮುದ್ರಿಸಿದ ಮೊದಲ ‘ಬ್ಲೂ ಯೋಡಲ್’ನಿಂದ, 1930ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಟ್ರಂಪೆಟ್ ಜೊತೆಗೆ ಹಾಡಿದ ಒಂಬತ್ತನೆಯ ಬ್ಲೂ ಯೋಡಲ್ ಅವರ ಸಾಹಸದ ತುದಿ. 1933ರ ಮೇ ತಿಂಗಳಲ್ಲಿ, ಹಾಡು ಹಾಡಿಗೂ ನಡುವೆ ಮಂಚದ ಮೇಲೆ ಮಲಗಿ ಸುಧಾರಿಸಿಕೊಳ್ಳುತ್ತ ಕೊನೆಯ ಮುದ್ರಣಗಳನ್ನು ಮುಗಿಸಿದ ಎರಡು ದಿನಕ್ಕೆ, ಮೂವತ್ತೈದನೆಯ ವಯಸ್ಸಿನಲ್ಲಿ, ಅವರು ನ್ಯೂಯಾರ್ಕಿನ ಹೋಟೆಲೊಂದರಲ್ಲಿ ತೀರಿಕೊಂಡರು. ಇದಾವುದೂ ಈ ಪೆಟ್ಟಿಗೆಯಲ್ಲಿಲ್ಲ, ಇರಲು ಸಾಧ್ಯವೂ ಇಲ್ಲ. ರಾಡ್ಜರ್ಸ್ ಅವರಿಗಾಗಿಯೇ ಹಣ ಖರ್ಚು ಮಾಡಬೇಕೆಂದಿರುವವರು ಬೇರೆ ಸಂಗ್ರಹವನ್ನು ನೋಡುವುದು ಉತ್ತಮ.

ಹಾಡುಗಳ ಆಯ್ಕೆಯನ್ನು ಅರ್ಥಮಾಡಿಕೊಳ್ಳಲು ಪೀರ್ ಅವರ ಲೆಕ್ಕಾಚಾರವನ್ನು ತಿಳಿದಿರಬೇಕು. ಹಾಡಿಗೆ 50 ಡಾಲರ್ ನಗದು, ಅದರ ಮೇಲೆ ಮಾರಾಟವಾದಷ್ಟಕ್ಕೆ ಅಲ್ಪ ರಾಯಲ್ಟಿ, ಇದು ಕಲಾವಿದರಿಗೆ ಸಿಗುತ್ತಿದ್ದ ಪಾಲು. ಆರು ಹಾಡಿಗೆ ಕಾರ್ಟರ್ ಕುಟುಂಬಕ್ಕೆ ಸಿಕ್ಕ 300 ಡಾಲರ್ ಆ ಕಣಿವೆಯ ಮಟ್ಟಿಗೆ ಸಣ್ಣ ಮೊತ್ತವಲ್ಲ. ಪೀರ್ ಅವರ ಸಂಪಾದನೆ ಇದ್ದುದು ಸಂಬಳದಲ್ಲಲ್ಲ, ಹಾಡುಗಳ ಹಕ್ಕುಸ್ವಾಮ್ಯದಲ್ಲಿ. ಬೇರೊಬ್ಬರ ಹೆಸರಿನಲ್ಲಿ ಆಗಲೇ ನೋಂದಾಯಿತವಾದ ಹಾಡು ಅವರಿಗೆ ಬೇಕಿರಲಿಲ್ಲ. ಹಾಡುಗಾರರು ತಾವೇ ಕಟ್ಟಿದ್ದಾಗಿರಬೇಕು, ಇಲ್ಲವೇ ಯಾರದೆಂದು ಗೊತ್ತಿಲ್ಲದಷ್ಟು ಹಳೆಯದಾಗಿರಬೇಕು. ಬ್ರಿಸ್ಟಲ್‌ನ ತಟ್ಟೆಗಳಲ್ಲಿ ಹಳೆಯ ಹಾಡುಗಳು ದಟ್ಟವಾಗಿರುವುದಕ್ಕೂ, ಎ.ಪಿ. ಕಾರ್ಟರ್ ತಲೆಮಾರುಗಳಿಂದ ಬಂದ ಪದಗಳನ್ನು ತಿದ್ದಿ ತೀಡಿ ತಮ್ಮ ಹೆಸರಿನಲ್ಲಿ ನೋಂದಾಯಿಸಿದ್ದಕ್ಕೂ ಮೂಲ ಇದೇ. ಜನಪದದ ಉಳಿವಿನ ಮೇಲಿನ ಪ್ರೀತಿ ಎಂದು ನಾವು ಓದಿಕೊಳ್ಳುವ ಜಾಗದಲ್ಲಿ ಒಬ್ಬ ಪ್ರಕಾಶಕನ ವ್ಯವಹಾರಜ್ಞಾನ ಇತ್ತು. ಅದರಿಂದ ಹಾಡುಗಳಿಗೆ ಕೇಡಾಗಲಿಲ್ಲ ಎಂಬುದೂ ಅಷ್ಟೇ ನಿಜ.

ಪುಸ್ತಕವನ್ನು ಬರೆದವರು ಪೂರ್ವ ಟೆನೆಸಿಯ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಟೆಡ್ ಓಲ್ಸನ್ ಮತ್ತು 1921ರಿಂದ 1942ರವರೆಗಿನ ಕಂಟ್ರಿ ತಟ್ಟೆಗಳ ಮಹಾಸೂಚಿಯನ್ನು ಸಿದ್ಧಪಡಿಸಿದ ಬ್ರಿಟನ್ನಿನ ಟೋನಿ ರಸೆಲ್. ಪ್ರತಿ ತಂಡದ ಪರಿಚಯ, ಅಪರೂಪದ ಛಾಯಾಚಿತ್ರಗಳು, ಹಾಡುಗಳ ಸಾಹಿತ್ಯ, ದಿನಾಂಕಸಹಿತವಾದ ಮುದ್ರಣ ವಿವರ, ಹೀಗೆ ಬೇಕಾದದ್ದೆಲ್ಲ ಇಲ್ಲಿದೆ. ಗ್ರ್ಯಾಮಿ ಪ್ರಶಸ್ತಿಗೆ ಈ ಸಂಪುಟ ನಾಮನಿರ್ದೇಶನಗೊಂಡದ್ದು ಅರ್ಹವಾದ ಮನ್ನಣೆಯೇ. ಬೆಟ್ಟದ ಸೀಮೆಯ ಉಚ್ಚಾರಣೆಗೆ ಕಿವಿ ಒಗ್ಗದ ನಮ್ಮಂಥವರಿಗೆ ಸಾಹಿತ್ಯವನ್ನು ಅಚ್ಚಿನಲ್ಲಿ ಕೊಟ್ಟಿರುವುದು ದೊಡ್ಡ ಉಪಕಾರ. ಅದನ್ನು ಬಿಟ್ಟು ಕೇಳಹೊರಟರೆ ಫಿಪ್ಸ್ ತಂಡದ ಅರ್ಧ ಮಾತು ಹೊಳೆಯುವುದಿಲ್ಲ.

ಧ್ವನಿಯ ಗುಣಮಟ್ಟದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ತಟ್ಟೆಯ ಸರಸರ ಸದ್ದು ಹಿನ್ನೆಲೆಯಲ್ಲಿ ಇದ್ದೇ ಇದೆ. ಅದನ್ನು ಪೂರ್ತಿ ಅಳಿಸಹೋಗಿ ದನಿಯ ಜೀವವನ್ನೂ ಅಳಿಸುವ ತಪ್ಪನ್ನು ಇಲ್ಲಿ ಮಾಡಿಲ್ಲ. ಕೆಲವು ಹಾಡುಗಳ ಎರಡೆರಡು ಟೇಕ್‌ಗಳನ್ನು (ಅದೇ ಹಾಡನ್ನು ಮತ್ತೆ ಹಾಡಿಸಿ ಮಾಡಿಕೊಂಡ ಮುದ್ರಣಗಳನ್ನು) ಸೇರಿಸಿರುವುದು ವಿದ್ಯಾರ್ಥಿಗಳಿಗೆ ಹಬ್ಬ, ಸುಮ್ಮನೆ ಕೇಳಿ ಸಂತೋಷಪಡುವವರಿಗೆ ತುಸು ಬೇಸರ. ಸಂಪೂರ್ಣತೆಗೆ ತೆರಬೇಕಾದ ಬೆಲೆ ಅದು. ಎಲ್ಲ 19 ತಂಡಗಳೂ ಒಂದೇ ಮಟ್ಟದಲ್ಲಿಲ್ಲ. ನಾಲ್ವರು ಸೇರಿ ಹಾಡುವ ಕೆಲವು ತಂಡಗಳ ಭಕ್ತಿಗೀತೆಗಳು ಒಂದರಂತೆ ಒಂದಿದ್ದು, ಒಂದೇ ಕೂರಿಕೆಯಲ್ಲಿ ಕೇಳಿದರೆ ಆಕಳಿಕೆ ತರಿಸುತ್ತವೆ.

1928ರ ಅಕ್ಟೋಬರ್ ಕೊನೆಯಿಂದ ನವೆಂಬರ್ ಮೊದಲ ದಿನಗಳವರೆಗೆ ನಡೆದ ಎರಡನೆಯ ಸುತ್ತನ್ನು ಇತಿಹಾಸಕಾರರು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಮುಗಿಸುತ್ತಾರೆ, ಏಕೆಂದರೆ ಅದರಲ್ಲಿ ಕಾರ್ಟರ್ ಕುಟುಂಬವೂ ಇಲ್ಲ, ರಾಡ್ಜರ್ಸ್ ಅವರೂ ಇಲ್ಲ. ಅವರನ್ನು ಆಗಲೇ ಕ್ಯಾಮ್‌ಡೆನ್ ಮೊದಲಾದ ದೊಡ್ಡ ಸ್ಟುಡಿಯೊಗಳಿಗೆ ಕರೆಸಿಕೊಳ್ಳಲಾಗುತ್ತಿತ್ತು. ಸಂಪುಟದ ಈ ಭಾಗವೇ ನನ್ನನ್ನು ಹೆಚ್ಚು ಸೆಳೆಯಿತು. ಫಿಪ್ಸ್ ಈ ಬಾರಿ ದೊಡ್ಡ ವೃಂದದೊಡನೆ ಮರಳಿ ಬಂದು ‘ಶೈನ್ ಆನ್ ಮಿ’ ಹಾಡಿದರು: ನಿಧಾನವಾಗಿ ಶುರುವಾಗಿ, ನಡುವೆ ಇದ್ದಕ್ಕಿದ್ದಂತೆ ತಾಳ ದುಪ್ಪಟ್ಟಾಗಿ, ಚಪ್ಪಾಳೆಯೊಂದಿಗೆ ಉಕ್ಕುವ ಆ ಹಾಡು ಇಡೀ ಸಂಪುಟದಲ್ಲಿ ನಾನು ಹೆಚ್ಚು ಸಲ ಕೇಳಿದ ಮುದ್ರಣ. ಸ್ಟೋನ್‌ಮನ್ ಅವರ ಗೆಳೆಯ ಅಂಕಲ್ ಎಕ್ ಡನ್‌ಫೋರ್ಡ್, ಮದುವೆಯಾಗಲು ಬಂದ ಮುದುಕನನ್ನು ಹುಡುಗಿ ಬೇಡವೆನ್ನುವ ‘ಓಲ್ಡ್ ಶೂಸ್ ಅಂಡ್ ಲೆಗಿನ್ಸ್’ ಎಂಬ ಹಳೆಯ ತಮಾಷೆಯ ಪದವನ್ನು ತಮ್ಮ ಎಳೆದಾಡುವ ಉಚ್ಚಾರಣೆಯಲ್ಲಿ ಹಾಡಿದ್ದಾರೆ. ಸ್ಟೀಫನ್ ಟಾರ್ಟರ್ ಮತ್ತು ಹ್ಯಾರಿ ಗೇ ಎಂಬ ಇಬ್ಬರು ಕಪ್ಪು ಗಿಟಾರ್ ವಾದಕರ ಎರಡು ಬ್ಲೂಸ್ ಮುದ್ರಣಗಳೂ ಇಲ್ಲಿವೆ; ಎರಡು ಗಿಟಾರುಗಳು ಒಂದನ್ನೊಂದು ತಡೆಯದೆ, ತಾಗದೆ ಹೆಣೆದುಕೊಳ್ಳುವ ಅವರ ನುಡಿಸಾಣಿಕೆಯಲ್ಲಿ ಅವಸರವೆಂಬುದೇ ಇಲ್ಲ. ಈ ಜೋಡಿ ಮತ್ತೆಂದೂ ತಟ್ಟೆಗೆ ನುಡಿಸಲಿಲ್ಲ.

ಹಾಗಾದರೆ ಯಾರು ಕೊಳ್ಳಬೇಕು? ಕಾರ್ಟರ್ ಕುಟುಂಬವನ್ನೂ ರಾಡ್ಜರ್ಸ್ ಅವರನ್ನೂ ಮೊದಲ ಬಾರಿಗೆ ಕೇಳಬೇಕೆಂದಿರುವವರಿಗೆ ಇದು ಸರಿಯಾದ ಬಾಗಿಲಲ್ಲ. ಅವರ ಎಂಟು ಹಾಡುಗಳಿಗಾಗಿ ಐದು ಸಿ.ಡಿ.ಗಳ ಬೆಲೆ ತೆರುವುದು ದುಬಾರಿ, ಜರ್ಮನಿಯಿಂದ ತರಿಸುವ ಸಾಗಣೆಯ ಖರ್ಚೂ ಸುಂಕವೂ ಅದಕ್ಕೆ ಸೇರುತ್ತವೆ. ಆಯ್ದ ಹಾಡುಗಳು ಸಾಕೆನ್ನುವವರಿಗೆ ಕಂಟ್ರಿ ಮ್ಯೂಸಿಕ್ ಫೌಂಡೇಶನ್ 1987ರಲ್ಲಿ ಹೊರತಂದ ಸಂಗ್ರಹ ಹಳೆಯ ತಟ್ಟೆಗಳ ಅಂಗಡಿಗಳಲ್ಲಿ ಸಿಕ್ಕರೆ ಅದೇ ಧಾರಾಳ. ಆದರೆ ಒಂದು ಸೀಮೆಯ ಬಡಗಿ, ಕ್ಷೌರಿಕ, ಪಾದ್ರಿ, ಅಂಧ ಪಿಟೀಲುಗಾರ, ಬಸುರಿ ಹೆಂಗಸು, ಚರ್ಚಿನ ಇಪ್ಪತ್ತು ಜನ, ಇವರೆಲ್ಲ ಒಂದೇ ಕೋಣೆಯಲ್ಲಿ ಹಾಡಿದ್ದನ್ನು ಬಿಡದೆ ಕೇಳುವ ಆಸೆಯಿದ್ದವರಿಗೆ ಇದಕ್ಕೆ ಬದಲಿ ಇಲ್ಲ. ಇದನ್ನು ಕೇಳಿ ಮುಗಿಸಿದವರು ಅದೇ ಸಂಸ್ಥೆ 2013ರಲ್ಲಿ ಪ್ರಕಟಿಸಿದ ‘ಜಾನ್ಸನ್ ಸಿಟಿ ಸೆಷನ್ಸ್’ ಸಂಪುಟಕ್ಕೆ ಹೋಗಬಹುದು. ಬ್ರಿಸ್ಟಲ್‌ಗೆ ಹತ್ತಿರದ ಆ ಊರಿನಲ್ಲಿ ಪ್ರತಿಸ್ಪರ್ಧಿಯಾದ ಕೊಲಂಬಿಯ ಕಂಪನಿ 1928 ಮತ್ತು 1929ರಲ್ಲಿ ಮಾಡಿದ ಮುದ್ರಣಗಳು ಅದರಲ್ಲಿವೆ. ಹಕ್ಕುಸ್ವಾಮ್ಯದ ಹಂಗು ಅಲ್ಲಿ ಇಷ್ಟು ಬಿಗಿಯಾಗಿರಲಿಲ್ಲವೆಂದೋ ಏನೋ, ಹಾಡುಗಳ ಬಗೆ ಇನ್ನಷ್ಟು ವಿಚಿತ್ರವಾಗಿದೆ, ಕ್ಲಾರೆನ್ಸ್ ಆಶ್ಲಿ ಅವರ ಬಾಂಜೊ ಅಂತೂ ಶೆಲ್ಟನ್ ಅವರ ಬಾಂಜೊವನ್ನು ಮೆಚ್ಚಿದವರಿಗೆ ತಪ್ಪದೆ ಹಿಡಿಸುತ್ತದೆ.